ಹದ್ದಿನ ಅಟ್ಟ

ನನಗೆ ಸಿಟ್ಟು ಬರಿಸಲು ಯಾರೂ ಬೈಯಬೇಕಾಗಿಲ್ಲ. 'ಇರ್ಲಿ ಬುಡಿ' ಅಂದರೆ ಸಾಕು. ತಿಪಟೂರಿನಿಂದ ಹುಳಿಯಾರಿನವರೆಗೆ ಈ ಮಾತು ಓಡದ ಕಡೆಯೇ ಇಲ್ಲ. ಬಾಗಿಲು ಸರಿಯಾಗಿ ಕೂರಲಿಲ್ಲ, ಇರ್ಲಿ ಬುಡಿ. ಬಸ್ಸು ಹೋಗಿಬಿಟ್ಟಿತು, ಇರ್ಲಿ ಬುಡಿ. ಹಸುವಿಗೆ ಕೊಡಬೇಕಾದ ಮಾತ್ರೆ ಎರಡು ದಿನ ಮರೆತುಹೋಯಿತು, ಇರ್ಲಿ ಬುಡಿ ಡಾಕ್ಟ್ರಮ್ಮ, ನಾಳೆಯಿಂದ ಕೊಡ್ತೀವಿ. ನಾನು ಡಾಕ್ಟರಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಪಶು ಚಿಕಿತ್ಸಾಲಯದಲ್ಲಿ ಲಸಿಕೆ, ಸೂಜಿ ನೋಡಿಕೊಳ್ಳುವ ಪರೀಕ್ಷಕಿ. 'ಡಾಕ್ಟ್ರಮ್ಮ' ಅನ್ನುವುದನ್ನು ಇಪ್ಪತ್ತು ವರ್ಷ ತಿದ್ದಿ ತಿದ್ದಿ ಸಾಕಾಗಿ, ಈಗ ಇರಲಿ ಎಂದು ನಾನೇ ಬಿಟ್ಟಿದ್ದೇನೆ.

ಆ ಹದ್ದು ಸಿಕ್ಕಿದ್ದು ಆಷಾಢದಲ್ಲಿ. ನಮ್ಮ ಕಡೆ ಗಾಳಿಪಟ ಹಾರಿಸುವುದು ಆಗಲೇ. ಮೊದಲು ಹತ್ತಿ ದಾರ ಇತ್ತು, ತಾನಾಗಿ ಕಿತ್ತುಹೋಗುತ್ತಿತ್ತು. ಈಗ ಅಂಗಡಿಗಳಲ್ಲಿ ಸಿಗುವ ದಾರ ಬೆರಳು ಕುಯ್ಯುತ್ತದೆ. ಅಂಥದೊಂದು ದಾರ ನಮ್ಮ ತೋಟದ ತೆಂಗಿನ ಮರದ ಗರಿಗೆ ಸಿಕ್ಕಿಕೊಂಡಿತ್ತು, ಅದಕ್ಕೆ ಈ ಹದ್ದು ಸಿಕ್ಕಿಕೊಂಡಿತ್ತು. ಕಾಯಿ ಕೀಳಲು ಬಂದವನು ಮರದ ಮೇಲಿಂದಲೇ ಕೂಗಿದ. ಇಳಿಸಿದಾಗ ಎಡರೆಕ್ಕೆಯಲ್ಲಿ ದಾರ ಚರ್ಮದೊಳಕ್ಕೆ ಇಳಿದಿತ್ತು. ಹದ್ದು ಉಗುರಿನಿಂದ ನನ್ನ ಕೈಯನ್ನು ಎರಡು ಕಡೆ ಗೀರಿತು. ನಾನು ಟವೆಲಿನಲ್ಲಿ ಸುತ್ತಿ, ಹಸುವಿನ ಔಷಧಿ ಬರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅರಣ್ಯ ಕಚೇರಿಗೆ ತಿಳಿಸಿ, ಅವರು ಕೊಟ್ಟ ಚೀಟಿ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದೆ. ಕಂಡಕ್ಟರು ಪೆಟ್ಟಿಗೆ ನೋಡಿ "ಕೋಳಿನಾ?" ಅಂದ. ಹೌದು ಅಂದೆ. ವಿವರಿಸುವ ತಾಳ್ಮೆ ಇರಲಿಲ್ಲ.

ಅಲ್ಲಿನ ಹಕ್ಕಿ ಡಾಕ್ಟರು ಹೊಲಿಗೆ ಹಾಕಿದರು. ರೆಕ್ಕೆ ಉಳಿಯುತ್ತದೆ, ಆದರೆ ಗಾಯ ಮಾಯ್ದ ಮೇಲೆ ಹಾರಾಟ ಕಲಿಯಬೇಕು ಅಂದರು. ತಿಂಗಳುಗಟ್ಟಲೆ ಮುದುಡಿಕೊಂಡ ರೆಕ್ಕೆಗೆ ಶಕ್ತಿ ಇರುವುದಿಲ್ಲವಂತೆ. ಉದ್ದದ ದೊಡ್ಡ ಪಂಜರದಲ್ಲಿ ಈ ತುದಿಯಿಂದ ಆ ತುದಿಗೆ ದಿನಾ ಹಾರಿ ಹಾರಿ ಗಟ್ಟಿಯಾಗಬೇಕು. ಅವರ ಪಂಜರಗಳೆಲ್ಲ ಭರ್ತಿ. ಗಾಳಿಪಟದ ಕಾಲದಲ್ಲಿ ಅವರಿಗೆ ಹೀಗೇ. "ನೀವೇ ಒಂದು ಕಟ್ಟಿಸಿದರೆ ನಿಮ್ಮ ಕಡೆಯ ಹಕ್ಕಿಗಳನ್ನು ಅಲ್ಲೇ ಬಿಡಬಹುದು" ಎಂದು ನಕ್ಷೆಯೊಂದನ್ನು ಬರೆದುಕೊಟ್ಟರು. ಐವತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹನ್ನೆರಡು ಅಡಿ ಎತ್ತರ. ಮೇಲೆ ಮೀನಿನ ಬಲೆ. ಸುತ್ತ ಪಟ್ಟಿಗಳ ಗೋಡೆ. ಹಕ್ಕಿ ಓಡಿಹೋಗದಂತೆ ಒಂದರ ಹಿಂದೆ ಒಂದು, ಎರಡು ಬಾಗಿಲು.

ನಾನು ಹೂಂ ಅಂದು, ಗಾಯ ಮಾಯುವವರೆಗೆ ಹದ್ದನ್ನು ಅಲ್ಲೇ ಬಿಟ್ಟು ಬಂದೆ. ಅನುಮತಿ ಪತ್ರಕ್ಕೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಇದು ಕಟ್ಟಡವೋ ಪಂಜರವೋ ಎಂಬುದು ತೀರ್ಮಾನವಾಗದೆ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡಿತು. ಕೊನೆಗೆ ಒಬ್ಬ ಪುಣ್ಯಾತ್ಮರು 'ಆಶ್ರಯ' ಎಂದು ಬರೆದು ಸಹಿ ಮಾಡಿದರು. ಅದಕ್ಕಿಂತ ಕಷ್ಟದ ಅನುಮತಿ ಮನೆಯಲ್ಲಿತ್ತು.

ನಮ್ಮದು ಲಿಂಗ ಕಟ್ಟಿದ ಮನೆ. ಅತ್ತೆ ಮೊಟ್ಟೆ ಎಂಬ ಪದವನ್ನೂ ಬಾಯಲ್ಲಿ ಆಡುವುದಿಲ್ಲ. ಹದ್ದು ಏನು ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ.

"ಅದು ಗರುಡ ಆಗಿದ್ರೆ ಬ್ಯಾರೆ ಮಾತು ಕಣೇ. ಕಂಡೋರು ಕೈಯಾದ್ರೂ ಮುಗೀತಾರೆ. ಇದು ಸಂತೆ ಬೀದೀಲಿ ಹಾರೋ ಹಾಳ್ ಹದ್ದು."

"ಹಾಳ್ ಹದ್ದಿಗೂ ನೋವಾಗುತ್ತೆ ಅತ್ತೆ."

"ಆಗ್ಲಿ. ನಿನ್ ಕೈಲಿ ಕೋಳಿ ಕುಯ್ದು ಹಾಕ್ತೀಯಾ?"

ಹಾಕಬೇಕಾಗಿತ್ತು. ಹಸುವಿನ ಗರ್ಭದೊಳಗೆ ಮೊಣಕೈವರೆಗೆ ಕೈ ಹಾಕುವವಳಿಗೆ ಕೋಳಿಯ ತುಂಡು ಮುಟ್ಟಲು ಆಗುವುದಿಲ್ಲವೇ ಎಂದು ನನ್ನನ್ನೇ ಬೈದುಕೊಂಡೆ. ನಮ್ಮ ಯಜಮಾನರು ಇಂಥ ಮಾತು ಶುರುವಾದರೆ ಪೇಪರು ಬಿಡಿಸಿಕೊಳ್ಳುತ್ತಾರೆ. ಅದರ ಹಿಂದಿನಿಂದಲೇ "ತೋಟದ ಆ ತುದೀಲಿ ಕಟ್ಟಿಸ್ಕೋ" ಅಂದರು. ಅತ್ತೆ ಒಪ್ಪಿದರು, ಆದರೆ ಕರಾರಿನ ಮೇಲೆ: ಅಲ್ಲಿಂದ ಬಂದರೆ ತೋಟದ ತೊಟ್ಟಿಯಲ್ಲೇ ಮಿಂದು, ಬೇರೆ ಸೀರೆ ಉಟ್ಟು, ಆಮೇಲೆ ಹೊಸಿಲು ದಾಟಬೇಕು. ವರ್ಷವಿಡೀ ಹಾಗೇ ಮಾಡಿದ್ದೇನೆ. ಮಾರ್ಗಶಿರದ ಚಳಿಯಲ್ಲಿ ಆ ತೊಟ್ಟಿಯ ನೀರು ಎಷ್ಟು ತಣ್ಣಗಿರುತ್ತದೆ ಎಂದು ಹದ್ದಿಗೆ ಏನು ಗೊತ್ತು.

ಕಟ್ಟುವವರು ಯಾರು? ನಮ್ಮ ಕಡೆ ಮರದ ಕೆಲಸ ಅಂದರೆ ಒಂದೋ ಮನೆಯ ಬಾಗಿಲು, ಇಲ್ಲವೇ ಕೊಬ್ಬರಿ ಅಟ್ಟ. ಕಾಯಿಯನ್ನು ಸುಲಿಯದೆ ಮಟ್ಟೆಯ ಸಮೇತ ವರ್ಷವಿಡೀ ಅಟ್ಟದಲ್ಲಿ ಹರಡಿ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅಟ್ಟದಲ್ಲಿ ಗಾಳಿ ಆಡದಿದ್ದರೆ ಕಾಯಿ ಕೊಳೆಯುತ್ತದೆ. ಅದಕ್ಕೇ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟು ಸಂದು ಬಿಟ್ಟು ಹೊಡೆಯುತ್ತಾರೆ. ಹಕ್ಕಿಯ ಪಂಜರದ ನಕ್ಷೆ ನೋಡಿದಾಗ ನನಗೆ ಹೊಳೆದದ್ದೂ ಅದೇ: ಇದು ಅಟ್ಟದ ಕೆಲಸ ಬಲ್ಲವರಿಗೆ ನೀರು ಕುಡಿದಷ್ಟು ಸುಲಭ. ಕೆಂಕೆರೆ ಕಡೆಯ ಮರಗೆಲಸದ ಒಬ್ಬ ಆಚಾರ್ರು ಇದ್ದರು. ಅರವತ್ತು ದಾಟಿದವರು. ಅವರು ಕಟ್ಟಿದ ಅಟ್ಟದಲ್ಲಿ ಕಾಯಿ ಕೊಳೆತದ್ದು ಯಾರೂ ಕಂಡಿಲ್ಲ ಎಂದು ಹೆಸರು.

ಬಂದವರು ಜಾಗ ನೋಡಿದರು. ನಕ್ಷೆಯನ್ನು ಒಮ್ಮೆ ತಿರುಗಿಸಿ, ಮತ್ತೊಮ್ಮೆ ತಿರುಗಿಸಿ, ಮಡಚಿ ಜೇಬಿಗಿಟ್ಟರು.

"ಎಷ್ಟು ಸಾವಿರದ್ದಮ್ಮ?"

ಅಟ್ಟವನ್ನು ನಮ್ಮಲ್ಲಿ ಅಳೆಯುವುದು ಕಾಯಿಯಲ್ಲಿ. ಐದು ಸಾವಿರ ಕಾಯಿಯ ಅಟ್ಟ, ಹತ್ತು ಸಾವಿರದ್ದು.

"ಕಾಯಿಗಲ್ಲ ಆಚಾರ್ರೇ, ಹದ್ದಿಗೆ."

"ಗೊತ್ತಾಯ್ತು ಬುಡಿ. ಆದ್ರೂ ಒಂದು ಅಂದಾಜು ಬೇಕಲ್ಲ."

ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಕೈಯಲ್ಲಿ ತೋರಿಸುತ್ತಾ ಹೇಳಿದೆ. ಪಟ್ಟಿಗಳನ್ನು ಅಡ್ಡಡ್ಡ ಹೊಡೆಯಬಾರದು. ಅಡ್ಡ ಇದ್ದರೆ ಹದ್ದು ಅದನ್ನು ಉಗುರಿನಲ್ಲಿ ಕಚ್ಚಿ ಹಿಡಿದು ಗೋಡೆಗೆ ಜೋತು ಬಡಿದುಕೊಳ್ಳುತ್ತದೆ, ಗರಿ ಮುರಿಯುತ್ತದೆ. ನೆಟ್ಟಗೆ ನಿಂತಿದ್ದರೆ ಹಿಡಿತ ಸಿಗದೆ ಜಾರಿ ಇಳಿಯುತ್ತದೆ. ಇಷ್ಟೂ ಹೇಳಿ, ಕೊನೆಗೆ ಸರಳವಾಗಲಿ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ: "ಅಡ್ಡಕ್ಕೆ ಬೇಡ, ಉದ್ದಕ್ಕೆ ಹೊಡೀರಿ. ಅಷ್ಟು ನೆನಪಿಟ್ಕೊಳ್ಳಿ ಸಾಕು."

"ಉದ್ದಕ್ಕೆ" ಎಂದು ಅವರು ತಲೆಯಾಡಿಸಿದರು.

ಮರುದಿನದಿಂದ ನನಗೆ ಕಾಲುಬಾಯಿ ಜ್ವರದ ಲಸಿಕೆಯ ಕೆಲಸ. ಬೆಳಗ್ಗೆ ಬಿಟ್ಟರೆ ಕತ್ತಲಾಗುವವರೆಗೆ ಊರೂರು, ಕೊಟ್ಟಿಗೆ ಕೊಟ್ಟಿಗೆ. ಹಸು ಒದ್ದ ಕಾಲು ನೀವಿಕೊಂಡು ಮಲಗಿದರೆ ಮತ್ತೆ ಬೆಳಗ್ಗೆ. ಆರು ದಿನ ತೋಟದ ಆ ತುದಿಗೆ ಹೋಗಲಾಗಲಿಲ್ಲ. ಏಳನೆಯ ದಿನ ಹೋದೆ. ತೋಟದ ಅಂಚಿನಲ್ಲಿ ಐವತ್ತು ಅಡಿ ಉದ್ದದ ಕೊಬ್ಬರಿ ಅಟ್ಟ ನಿಂತಿತ್ತು.

ಅಂಥ ಚಂದದ ಅಟ್ಟವನ್ನು ನಾನು ಇದುವರೆಗೆ ನೋಡಿಲ್ಲ. ನಾಲ್ಕೂ ಗೋಡೆಗೆ ದಬ್ಬೆ ಅಡ್ಡಡ್ಡ, ನೂಲು ಹಿಡಿದಂತೆ. ಸಂದು ನಾಲ್ಕು ಬೆರಳು, ಕಾಯಿ ಬೀಳಬಾರದು, ಗಾಳಿ ನಿಲ್ಲಬಾರದು. ನೆಲದಿಂದ ಮೂರಡಿ ಮೇಲೆ ದಬ್ಬೆಯ ಹಾಸು. ಎರಡು ಬಾಗಿಲಿನ ಜಾಗದಲ್ಲಿ ಒಂದೇ ಬಾಗಿಲು, ಚೀಲ ಹೊತ್ತವನು ಸಲೀಸಾಗಿ ನುಗ್ಗುವಷ್ಟು ಅಗಲ. ಪಕ್ಕದಲ್ಲಿ ಏಣಿ ಬೇರೆ. ಆಚಾರ್ರು ತಲೆಗೆ ಟವೆಲು ಸುತ್ತಿಕೊಂಡು, ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಹೊಗಳಿಕೆಗೆ ಕಾಯುತ್ತಿದ್ದರು.

ನಾನು ಕೂಗಾಡಿದೆ. ಏನೇನಂದೆನೋ ಪೂರ್ತಿ ನೆನಪಿಲ್ಲ. ಏಣಿ ಯಾಕೆ, ಹದ್ದು ಏಣಿ ಹತ್ತುತ್ತಾ ಅಂದದ್ದು ನೆನಪಿದೆ. ಉದ್ದಕ್ಕೆ ಅಂದಿದ್ದೆನಲ್ಲ, ಕಿವಿ ಕೇಳುವುದಿಲ್ಲವೇ ಅಂದೆ.

ಅವರ ಮುಖ ಸಣ್ಣದಾಯಿತು. ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೇಳಿದರು: "ಉದ್ದಕ್ಕೇ ಹೊಡ್ದಿದೀನಿ ನೋಡಿ. ಐವತ್ತಡಿ ಉದ್ದ, ಐವತ್ತಡೀನೂ ಉದ್ದಕ್ಕೇ ಓಡೈತೆ ದಬ್ಬೆ. ಸಣ್ಣ ಗೋಡೇಲೂ ಗೋಡೆ ಉದ್ದಕ್ಕೇ ಹೊಡ್ದಿದೀನಿ. ಅಷ್ಟು ನೆನಪಿಟ್ಕೊಂಡ್ರೆ ಸಾಕು ಅಂದ್ರಿ. ಕೊನೇಗೆ ನಿಲುವಿಗೆ ಅಂತ ಒಂದು ಮಾತು ಅಂದಿದ್ರೆ ನಿಲುವಿಗೇ ಹೊಡೀತಿದ್ದೆ."

ನಾನು ದಬ್ಬೆಯ ಕಡೆ ನೋಡಿದೆ. ಅವರ ಮಾತು ಸರಿಯಾಗಿತ್ತು. ಅಟ್ಟ ಕಟ್ಟುವವರಿಗೆ ಉದ್ದ ಅಂದರೆ ಕಟ್ಟಡದ ಉದ್ದ. ನನ್ನ ತಲೆಯಲ್ಲಿದ್ದ ಉದ್ದ ಆಕಾಶದ ಕಡೆಗಿತ್ತು, ಅವರ ಉದ್ದ ತೋಟದ ಕಡೆಗೆ. ತಪ್ಪು ನನ್ನದು ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಆದರೆ ಅಷ್ಟು ಕೂಗಾಡಿದ ಮೇಲೆ ಅದನ್ನು ಒಪ್ಪಿಕೊಳ್ಳುವುದು ಹೇಗೆ? ಒಪ್ಪಿಕೊಳ್ಳಲಿಲ್ಲ. "ನಕ್ಷೆ ನೋಡಬೇಕಿತ್ತು" ಎಂದು ಗೊಣಗಿದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಹಾಸು ಕಿತ್ತರು. ಎರಡನೆಯ ಬಾಗಿಲು ಕೂರಿಸಿದರು. ಒಂದೊಂದೇ ಗೋಡೆಯ ದಬ್ಬೆ ಬಿಚ್ಚಿ, ಮೊಳೆ ಕಿತ್ತು, ನಿಲುವಿಗೆ ತಿರುಗಿಸಿ ಹೊಡೆದರು. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಲೋಟ ತೊಳೆದು ಬೋರಲು ಹಾಕುತ್ತಿದ್ದರು, ಅಷ್ಟೆ. ಮೂರು ಗೋಡೆ ಮುಗಿದವು. ಪಡುವಣ ತುದಿಯ ಹನ್ನೆರಡು ಅಡಿಯ ಸಣ್ಣ ಗೋಡೆ ಒಂದು ಉಳಿಯಿತು. ಅಷ್ಟರಲ್ಲಿ ಬೆಂಗಳೂರಿನಿಂದ ಫೋನು. ನಿಮ್ಮ ಹದ್ದು ತಯಾರಿದೆ, ಇಲ್ಲಿ ಹೊಸ ಹಕ್ಕಿಗಳು ಬಂದಿವೆ, ಭಾನುವಾರವೇ ಕರೆದುಕೊಂಡು ಹೋಗಿ. ಇತ್ತ ಆಚಾರ್ರಿಗೂ ಅರಳಗುಪ್ಪೆಯಲ್ಲಿ ಒಂದು ಮನೆಯ ಬಾಗಿಲು ನಿಲ್ಲಿಸುವ ಮುಹೂರ್ತ.

"ಅದೊಂದು ಗೋಡೆ ತಾನೆ ಡಾಕ್ಟ್ರಮ್ಮ. ಸಂದಿಗೆ ಇನ್ನೊಂದು ದಬ್ಬೆ ಹೊಡೆದು ಸಣ್ಣ ಮಾಡಿದೀನಿ. ಆ ಕಡೆಯಿಂದ ಗಾಳಿ ಚೆನ್ನಾಗಿ ಬತ್ತದೆ. ಇರ್ಲಿ ಬುಡಿ."

ಇಪ್ಪತ್ತು ವರ್ಷದಿಂದ ಊರೂರಿನ ಕೊಟ್ಟಿಗೆಗಳಲ್ಲಿ ಆ ಮಾತಿಗೆ ಹಲ್ಲು ಕಡಿದವಳು ನಾನು. ಆ ಹೊತ್ತು ಸುಸ್ತಾಗಿತ್ತು. ಜಗಳ ಸಾಕಾಗಿತ್ತು. ಅವರ ಮುಖದ ಆ ಬಿಗುವನ್ನು ಇನ್ನೊಂದು ದಿನ ನೋಡಲು ಮನಸ್ಸಿರಲಿಲ್ಲ.

"ಆಯ್ತು, ಇರ್ಲಿ ಬುಡಿ" ಅಂದೆ.

ಹದ್ದು ಬಂತು. ಪೆಟ್ಟಿಗೆ ತೆರೆದರೆ ಮೂಲೆಯಿಂದ ನನ್ನನ್ನು ಒಂದು ಕಣ್ಣಲ್ಲಿ ನೋಡಿತು. ಮೊದಲ ದಿನ ನೆಲದಲ್ಲೇ ಕುಪ್ಪಳಿಸಿತು. ಮೂರನೆಯ ದಿನ ಕೂರಲು ಕಟ್ಟಿದ ಕೋಲುಗಳಲ್ಲಿ ಕೆಳಗಿನದಕ್ಕೆ ಹಾರಿತು. ನಾನು ಸಂದಿನಲ್ಲಿ ಕಣ್ಣಿಟ್ಟು, ಉಸಿರು ಹಿಡಿದು ನೋಡಿದೆ. ಐದನೆಯ ದಿನ ಈ ತುದಿಯಿಂದ ಆ ತುದಿಗೆ ಹಾರಿತು. ನನಗೆ ಅಳು ಬಂತು. ಕೋಳಿ ಮೆತ್ತಿದ ಕೈಯಲ್ಲಿ ಕಣ್ಣೊರೆಸಿಕೊಳ್ಳಲೂ ಆಗದೆ ಹಾಗೇ ನಿಂತಿದ್ದೆ.

ಆದರೆ ಅದು ಹಾರಿದ್ದು ಪಡುವಣ ಗೋಡೆಗೆ. ಸಂಜೆ ಬಿಸಿಲು ಆ ಕಡೆಯಿಂದ ಬರುತ್ತದೆ. ಸಂದುಗಳೆಲ್ಲ ಬೆಳಕಾಗಿ ಹೊಳೆಯುತ್ತವೆ. ಅದರಾಚೆ ಕೆರೆ, ಕೆರೆಯ ಮೇಲೆ ಬೇರೆ ಹದ್ದುಗಳು. ಅದು ಹಾರಿ ಹೋಗಿ ಅಡ್ಡ ದಬ್ಬೆಗೆ ಉಗುರು ಹಾಕಿ ಜೋತುಬಿತ್ತು. ಬಾಲವನ್ನು ದಬ್ಬೆಗೆ ಒತ್ತಿ ಹಿಡಿದು ರೆಕ್ಕೆ ಬಡಿಯಿತು. ಕೆಳಗೆ ಬಿತ್ತು, ಮತ್ತೆ ಹಾರಿತು, ಮತ್ತೆ ಜೋತುಬಿತ್ತು. ಗೋಣಿ ತಂದು ಮುಚ್ಚೋಣವೆಂದು ನಾನು ಮನೆಗೆ ಓಡಿದೆ. ಗೋಣಿ ಕಟ್ಟಿದೆ. ಮರುದಿನ ನಾನು ಕೆಲಸಕ್ಕೆ ಹೋದಾಗ ಗಾಳಿಗೆ ಗೋಣಿ ಬಿಚ್ಚಿಕೊಂಡಿತ್ತು. ಸಂಜೆ ಬಂದು ನೋಡಿದರೆ ಗೋಡೆಯ ಬುಡದಲ್ಲಿ ಗರಿಗಳ ತುಂಡು. ಬಾಲದಲ್ಲಿ ನೆಟ್ಟಗೆ ಉಳಿದದ್ದು ಮೂರು.

ಡಾಕ್ಟರಿಗೆ ಫೋಟೊ ಕಳಿಸಿದೆ. ನೋಡಿ, ಫೋನು ಮಾಡಿ ಮೆತ್ತಗೆ ಹೇಳಿದರು. ಮುರಿದ ಗರಿ ಬೆಳೆಯುವುದಿಲ್ಲ. ಬುಡ ತಾನಾಗಿ ಉದುರಿ ಹೊಸದು ಬರಬೇಕು. ಅದಕ್ಕೆ ಬೇಸಿಗೆ ಕಳೆಯಬೇಕು. ಬಾಲವಿಲ್ಲದ ಹದ್ದಿಗೆ ತಿರುಗಲು, ಇಳಿಯಲು ಆಗುವುದಿಲ್ಲ. ಈಗ ಬಿಟ್ಟರೆ ವಾರದಲ್ಲಿ ಸಾಯುತ್ತದೆ. ಇನ್ನು ಹತ್ತು ತಿಂಗಳಾದರೂ ಒಳಗೇ ಇರಬೇಕು.

ರೆಕ್ಕೆ ಸರಿಹೋಗಿತ್ತು. ದಾರ ಕುಯ್ದ ಗಾಯ ಮಾಯ್ದಿತ್ತು. ನಾನು ಕಟ್ಟಿಸಿದ ಗೋಡೆ ಅದರ ಒಂದು ವರ್ಷವನ್ನು ನುಂಗಿತ್ತು. ಹದ್ದನ್ನು ಹಿಡಿದು ಪೆಟ್ಟಿಗೆಗೆ ಹಾಕಿ, ಹಾರೆ ತಂದು ಆ ದಬ್ಬೆಗಳನ್ನು ನಾನೇ ಮೀಟತೊಡಗಿದೆ. ಸಿಟ್ಟಿಗೆ ಒಂದು ದಬ್ಬೆ ಸೀಳಿ ಅಂಗೈಗೆ ಚುಚ್ಚಿತು. ಮತ್ತೂ ಮೀಟಿದೆ.

ಆಚಾರ್ರಿಗೆ ಯಾರು ಹೇಳಿದರೋ ತಿಳಿಯದು, ನಮ್ಮ ಯಜಮಾನರೇ ಇರಬೇಕು. ಮರುದಿನ ಬೆಳಗ್ಗೆ ಉಪಕರಣದ ಚೀಲ ಹಿಡಿದು ಬಂದು ನಿಂತಿದ್ದರು. ನೆಲದಲ್ಲಿ ಬಿದ್ದ ಗರಿಯ ತುಂಡೊಂದನ್ನು ಎತ್ತಿ, ಬೆರಳಲ್ಲಿ ಸವರಿ ನೋಡಿದರು.

"ನಾನಂದೆ ಇರ್ಲಿ ಬುಡಿ ಅಂತ."

"ನಾನೂ ಅಂದೆ ಆಚಾರ್ರೇ. ಉದ್ದ ಅಂತ ತಪ್ಪು ಹೇಳಿದ್ದೂ ನಾನೇ."

ಅವರು ಹಾರೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಪಡುವಣ ಗೋಡೆ ನಿಲುವಿಗೆ ನಿಂತಿತು. ನಾನು ಕೇಳದೆಯೇ ಕೂರುವ ಕೋಲುಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಿದರು. ನುಣ್ಣನೆ ಕೋಲಿನ ಮೇಲೆ ಕೂತು ಕೂತು ಅಂಗಾಲು ಹುಣ್ಣಾಗುವುದನ್ನು ಅವರು ತಮ್ಮ ಮನೆಯ ಹುಂಜದಲ್ಲಿ ನೋಡಿದ್ದರಂತೆ. ಡಾಕ್ಟರ ನಕ್ಷೆಯ ಮೂಲೆಯಲ್ಲೂ ಅದೇ ಬರೆದಿತ್ತು. ನಾನೇ ಓದಿರಲಿಲ್ಲ.

ಹೊರಡುವಾಗ ಎಷ್ಟು ದಿನ ಇರಬೇಕು ಎಂದು ಕೇಳಿದರು. ಇನ್ನು ಹತ್ತು ತಿಂಗಳು, ಸಿಕ್ಕಿದ ದಿನದಿಂದ ಲೆಕ್ಕ ಹಾಕಿದರೆ ವರ್ಷ ಅಂದೆ.

"ಅಟ್ಟಕ್ಕೆ ಹಾಕಿದ ಕಾಯಿಗೂ ಅಷ್ಟೇ ಅಲ್ವೇನವ್ವ. ನಾವೇನು ಮಧ್ಯದಲ್ಲಿ ತೆಗ್ದು ಒಡೀತೀವಾ?"

ನನಗೆ ಸಮಾಧಾನವೇನೂ ಆಗಲಿಲ್ಲ. ಕಾಯಿಗೆ ಕಣ್ಣಿದ್ದರೂ ಅದು ಕೆರೆಯ ಮೇಲಿನ ಆಕಾಶ ನೋಡುವುದಿಲ್ಲ. ಈ ಹದ್ದು ದಿನಾ ಸಂಜೆ ಪಡುವಣಕ್ಕೆ ಮುಖ ಮಾಡಿ ಕೂರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಊರಿನವರು ಅದಕ್ಕೆ 'ಹದ್ದಿನ ಅಟ್ಟ' ಎಂದು ಹೆಸರಿಟ್ಟರು. ಲಸಿಕೆಗೆ ಹೋದ ಕಡೆಯೆಲ್ಲ ಕೇಳುತ್ತಿದ್ದರು: "ಡಾಕ್ಟ್ರಮ್ಮ, ಕೊಬ್ರಿ ಆಯ್ತಾ?" ನಾನು ಸೂಜಿಯನ್ನು ಹಸುವಿಗಲ್ಲದೆ ಕೇಳಿದವನಿಗೇ ಚುಚ್ಚಬೇಕು ಅಂದುಕೊಳ್ಳುತ್ತಿದ್ದೆ. ಯುಗಾದಿ ಕಳೆದ ಮೇಲೆ ಹಳೆಯ ಬುಡಗಳು ಒಂದೊಂದಾಗಿ ಉದುರಿದವು. ಹೊಸ ಗರಿಗಳು ಕಡ್ಡಿಯಂತೆ ಹೊರಟು, ಮೆಲ್ಲಗೆ ಬಿಚ್ಚಿಕೊಂಡವು. ಆಷಾಢ ಬಂತು. ಬಾಲ ತುಂಬಿತು, ಎಡಗಡೆಯ ಒಂದು ಗರಿ ಮಾತ್ರ ಗಿಡ್ಡ. ಎಲ್ಲರೂ ಶುರು ಹಚ್ಚಿಕೊಂಡರು. ಒಂದು ಗರಿ ತಾನೆ, ಬುಡಿ. ಅತ್ತೆಯೂ ಅಂದರು, ಯಜಮಾನರೂ ಪೇಪರು ಕೆಳಗಿಟ್ಟು ಅಂದರು. ಆಕಾಶದ ತುಂಬ ಗಾಳಿಪಟ ಇವೆ, ಆಷಾಢ ಮುಗಿಯಲಿ, ಆ ಗರಿಯೂ ಬರಲಿ, ನಾನು ಬಿಡುವುದಿಲ್ಲ ಎಂದು ಹಟ ಹಿಡಿದೆ. ಈ ಸಲ ಎಲ್ಲರಿಗೂ ನನ್ನ ಮೇಲೆ ಸಿಟ್ಟು. ಬರಲಿ ಬಿಡಿ ಅಂದುಕೊಂಡೆ.

ಶ್ರಾವಣದಲ್ಲಿ ಒಂದು ಬೆಳಗ್ಗೆ ಬಾಗಿಲು ತೆರೆಯುವುದೆಂದಾಯಿತು. ಡಾಕ್ಟರು ಹಾರಾಟದ ವಿಡಿಯೊ ನೋಡಿ ಒಪ್ಪಿದ್ದರು. ಆಚಾರ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅತ್ತೆ ವರ್ಷದಲ್ಲಿ ಮೊದಲ ಸಲ ತೋಟದ ಆ ತುದಿಗೆ ಬಂದು, ಮೂಗಿಗೆ ಸೆರಗು ಹಿಡಿದು ದೂರ ನಿಂತರು. ನಾನು ಮೊದಲ ಬಾಗಿಲು ತೆರೆದೆ. ಎರಡನೆಯದರ ಚಿಲಕದ ಮೇಲೆ ಕೈ ಇಟ್ಟೆ. ಕೈ ಮುಂದಕ್ಕೆ ಹೋಗಲಿಲ್ಲ. ಆ ಗರಿ ಪೂರ್ತಿ ಬಂದಿದೆಯೇ, ಇನ್ನೊಂದು ವಾರ ಇರಲಿ, ಮತ್ತೆಲ್ಲೋ ದಾರ ಇದ್ದರೆ? ಒಮ್ಮೆ ತಪ್ಪು ಮಾಡಿದವಳಿಗೆ ಎಲ್ಲ ಕಡೆಯೂ ತಪ್ಪೇ ಕಾಣುತ್ತದೆ.

ಆಚಾರ್ರು ಹಿಂದೆ ನಿಂತು ಸಣ್ಣಗೆ ಹೇಳಿದರು: "ಕಾಯಿ ಒಳ್ಗೆ ಗಡಗಡ ಅಂದ್ಮೇಲೆ ಅಟ್ಟದಲ್ಲಿ ಇಡಬಾರ್ದು ಕಣವ್ವ. ಬುಡು."

ಚಿಲಕ ತೆಗೆದೆ.

ಅದು ಬಾಗಿಲ ಮೇಲೆ ಒಂದು ಕ್ಷಣ ಕೂತಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡುತ್ತದೆ ಎಂದು ನಾನು ಕಾದಿದ್ದೆ, ಸುಳ್ಳೇಕೆ ಹೇಳಲಿ. ತೆಂಗಿನ ಸಾಲಿನ ನಡುವೆ ಕೆಳಗಿಂದ ಹೋಗಿ, ಕೆರೆಯ ಏರಿಯ ಹತ್ತಿರ ಮೇಲಕ್ಕೆದ್ದಿತು. ತಿರುಗುವಾಗ ಬಾಲ ಬಿಚ್ಚಿ ಓರೆ ಮಾಡಿತು, ಪೂರ್ತಿ ಬಾಲ. ಅಲ್ಲಿ ಏಳೆಂಟು ಹದ್ದುಗಳು ಸುತ್ತು ಹಾಕುತ್ತಿದ್ದವು. ನೋಡುನೋಡುತ್ತಾ ಅವುಗಳಲ್ಲಿ ಸೇರಿಹೋಯಿತು.

ಅತ್ತೆ ಸೆರಗು ಬಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು.

"ಯಾವ್ದೇ ನಿಂದು?"

ನಾನು ನೋಡಿದೆ. ಎಡರೆಕ್ಕೆ ನೋಡಿದೆ, ಬಾಲ ನೋಡಿದೆ. ಎಲ್ಲವೂ ಒಂದೇ ಥರ ತೇಲುತ್ತಿದ್ದವು.

"ಗೊತ್ತಾಗ್ತಿಲ್ಲ ಅತ್ತೆ."

"ಇರ್ಲಿ ಬುಡು" ಅಂದರು.

ನಾನು ಜಗಳ ಆಡಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದುಕೊಂಡೆ.